ನೂರು ವರ್ಷದಾಚೆಯ ಹಟ್ಟಿ

ಪಾತಣ್ಣನ ತಲೆಯಲ್ಲಿ ಮೂರು ದಿನದಿಂದ ಒಂದೇ ಯೋಚನೆ. ಆವತ್ತು ಮಾತಾಡಿದ್ದು ತಾನೋ, ದೇವರೋ? ತಾನೇ ಅಂತ ಅವನಿಗೆ ಅನ್ನಿಸುತ್ತೆ. ಆದರೆ ಹಟ್ಟಿಯ ಅರವತ್ತು ಮನೆಯವರೂ ದೇವರೇ ಅಂತಿರುವಾಗ ಇವನೊಬ್ಬ ಅಲ್ಲ ಅನ್ನೋದು ಹೆಂಗೆ?

ಕುರಿ ಮೇಯೋ ದೊಡ್ಡಉಳ್ಳಾರ್ತಿ ಕಾವಲಿನ ಅಂಚಿಗಿದ್ದ ಅವರ ಹಟ್ಟಿಗೆ ಆ ವರ್ಷ ಸಾಕ್ಷರತಾ ಆಂದೋಲನ ಬಂದಿತ್ತು. ಚಳ್ಳಕೆರೆಯಿಂದ ಶಿವರಂಜನಿ ಅನ್ನೋ ಟೀಚರು ಲೂನಾ ಮೇಲೆ ಬರೋಳು. ಸಂಜೆ ಕುರಿಗಳನ್ನೆಲ್ಲ ರೊಪ್ಪಕ್ಕೆ ಕೂಡಿದ ಮೇಲೆ ಗಂಡಸರು ಹೆಂಗಸರು ಸ್ಲೇಟು ಹಿಡಿದು ಶಾಲೆ ಜಗುಲಿ ಮೇಲೆ ಸೇರೋರು. ಐವತ್ತು ದಾಟಿದ ಪಾತಣ್ಣ ತನ್ನ ಹೆಸರು ಬರೆಯೋದು ಕಲಿತು, ಒಂದು ವಾರ ಕಾವಲಿನ ಬಂಡೆಗಳ ಮೇಲೆಲ್ಲ ಇದ್ದಿಲಲ್ಲಿ ಬರೆದುಕೊಂಡು ಓಡಾಡಿದ್ದ.

ಒಂದು ಸಂಜೆ ಶಿವರಂಜನಿ ತರಬೇತಿಯಲ್ಲಿ ಕೇಳಿದ್ದ ಒಂದು ಸಂಗತಿ ಹೇಳಿದಳು. ಆಫ್ರಿಕದಿಂದ ಹಿಡಿದುಕೊಂಡು ಹೋಗಿ ಅಮೆರಿಕದಲ್ಲಿ ಗುಲಾಮರಾಗಿ ಮಾರಿದ್ದರಲ್ಲ, ಆ ಜನರ ಮೊಮ್ಮಕ್ಕಳು ಈಗ ಕಥೆ ಬರೀತಾರಂತೆ. ಮುಂದಿನ ಕಾಲದ ಕಥೆಗಳಲ್ಲಿ ಎಲ್ಲರೂ ಇದ್ದರು, ಇವರು ಮಾತ್ರ ಇರಲಿಲ್ಲವಂತೆ. ಅದಕ್ಕೆ ತಾವೇ ಕೂತು ತಮ್ಮನ್ನ ಬರೆದುಕೊಂಡರಂತೆ: ನಕ್ಷತ್ರಕ್ಕೆ ಹೋಗೋ ಗಾಡಿ, ಅದರಲ್ಲಿ ಅವರದೇ ಡೋಲು, ಅವರಜ್ಜಿಯರು ಹಾಕುತ್ತಿದ್ದ ಜಡೆ. ಹಂಗೆ ಬರೆದೂ ಬರೆದೂ, ನಾಳೆ ಅನ್ನೋದು ನಮ್ಮದೂ ಹೌದು ಅಂತ ಅವರಿಗೆ ಧೈರ್ಯ ಬಂತಂತೆ.

ಕಲಿಯೋರ ಸಾಲಲ್ಲಿದ್ದ ಚಂದ್ರಣ್ಣ ಬೀಡಿ ಕಿವಿಗೆ ಸಿಕ್ಕಿಸಿಕೊಂಡು, ಅಲ್ಲಿ ಮೇವು ಸಿಗ್ತದಾ ಅಂತ ಕೇಳಿದ. ಎಲ್ಲರೂ ನಕ್ಕರು. ಶಿವರಂಜನಿಯೂ ನಕ್ಕು, ಸರಿ, ನಿಮ್ಮ ಹಟ್ಟಿ ನೂರು ವರ್ಷ ಆದ ಮೇಲೆ ಹೆಂಗಿರುತ್ತೆ, ನೀವೇ ಹೇಳಿ ಅಂದಳು.

ಆದರೆ ಆ ಹಟ್ಟಿಯಲ್ಲಿ ಮುಂದಾಗೋದನ್ನ ಹೇಳೋನು ಪೂಜಾರಿ ಜಂಪಣ್ಣ ಒಬ್ಬನೇ. ಕರಿಕಂಬಳಿ ಹಾಸಿ, ಕೋಲು ಹಿಡಿದು ಕೂತರೆ ಅವನ ಮೈಮೇಲೆ ದೇವರು ಬಂದು ಹೇಳಿಕೆ ಕೊಡುತ್ತೆ. ಟೀಚರಿಗೆ ಇದು ಗೊತ್ತಿಲ್ಲ. ಅವಳು ಪಾತಣ್ಣನ ಕಡೆ ಕೈ ತೋರಿಸಿದಳು. ಪಾತಣ್ಣನೋ, ನೆಲ ತಣ್ಣಗಿದೆ ಅಂತ ಕಂಬಳಿ ಹಾಸಿಕೊಂಡು ಕೂತಿದ್ದಾನೆ. ಕುರಿ ಕಾಯೋ ಕೋಲು ಕೈಯಲ್ಲೇ ಇದೆ.

ಮೊದಮೊದಲು ತಮಾಷೆಗೇ ಹೇಳಿದ. ಕುರಿಗಳು ಚಂದ್ರನ ಕಾವಲಿಗೆ ಮೇಯಾಕೆ ಹೋಗ್ತವೆ, ಗಾಡಿ ಕಿಟಕಿಯಲ್ಲಿ ನಾಯಿ ಕೂತಿರ್ತದೆ ಅಂದ. ಆಮೇಲೆ ಮಾತು ಹೆಂಗೆ ತಿರುಗಿತೋ ಅವನಿಗೇ ತಿಳಿಯದು.

"ಹಟ್ಟಿ ಒಳಗೆ ಒಂದು ಮನೆ ಐತೆ. ಬಾಣಂತಿ ಕೂಸು ತಬ್ಕೊಂಡು ಮನೆಯಾಗೇ ಮಲಗವ್ಳೆ. ಗುಡ್ಲು ಅಂದ್ರೇನಜ್ಜಿ ಅಂತ ಒಂದು ಹುಡುಗಿ ಕೇಳ್ತಾಳೆ. ಅಜ್ಜಿಗೂ ಗೊತ್ತಿಲ್ಲ."

ಒಬ್ಬ ಮುದುಕಿ ಕೈ ಮುಗಿದಳು. ಅವಳನ್ನ ನೋಡಿ ಎಲ್ಲರೂ ಮುಗಿದರು.

ಯಾಕೆ ಅಂದರೆ, ಅದು ಮನುಷ್ಯರು ಆಡೋ ಮಾತಲ್ಲ; ಆ ಹಟ್ಟಿಯಲ್ಲಿ ಹೆಂಗಸರು ಹೆರಿಗೆಗೆ ಮುಳ್ಳುಬೇಲಿಯಾಚೆ ಇರೋ ಸೋಗೆ ಗುಡ್ಲಿಗೆ ಹೋಗಿ ಅಲ್ಲೇ ಇರಬೇಕು. ಸೂತಕ ಕಳೆಯೋತನಕ ಊಟ ನೀರು ದೂರದಲ್ಲೇ ಇಟ್ಟು ಬರೋರು. ಪಾತಣ್ಣನ ಹೆಂಡತಿ ಯರ್ರಮ್ಮನ ಚೊಚ್ಚಲ ಕೂಸು ಮಾಗಿ ಚಳಿಯಲ್ಲಿ, ಮೂರನೇ ದಿನ, ಆ ಗುಡ್ಲಲ್ಲೇ ಹೋಗಿತ್ತು. ಈಗ ಮೊಳಕಾಲ್ಮೂರು ಕಡೆಗೆ ಕೊಟ್ಟಿದ್ದ ಮಗಳು ರೇಣುಕಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಇದೂ ಮಾಗಿಯೇ. ಇಂದೋ ನಾಳೆಯೋ ಅನ್ನೋ ಹಂಗಿದೆ.

ಹಟ್ಟಿಗೆ ಹಟ್ಟಿಯೇ ಗೊಂದಲಕ್ಕೆ ಬಿತ್ತು. ದೇವರು ನೂರು ವರ್ಷ ಅಂತ ಹೇಳಿದೆ, ಅಲ್ಲಿತನಕ ಗುಡ್ಲೇ ಸರಿ ಅಂದರು ಕೆಲವರು. ಇವತ್ತು ಹೇಳಿದ ಮೇಲೆ ಇವತ್ತಿಂದಲೇ ಲೆಕ್ಕ ಅಂದರು ಇನ್ನು ಕೆಲವರು. ನೂರು ವರ್ಷ ಅಂದರೆ ದೇವರ ವರ್ಷವೋ ನಮ್ಮ ವರ್ಷವೋ ಅಂತ ಚಂದ್ರಣ್ಣ ಒಂದು ತಕರಾರು ತೆಗೆದು, ಇದ್ದ ಗೊಂದಲವನ್ನ ಎರಡರಷ್ಟು ಮಾಡಿದ.

ಪಾತಣ್ಣ ಟೀಚರನ್ನೇ ಕೇಳಿದ. ಅವಳು ಹೆದರಿಕೊಂಡಿದ್ದಳು. ನಾನು ಕಲ್ಪನೆ ಮಾಡಿ ಅಂದೆ, ಅಷ್ಟೆ ಅಂದಳು. ಕಲ್ಪನೆ ಅಂದ್ರೇನು ಅಂದ. ಇಲ್ಲದ್ದನ್ನ ಇದ್ದಂಗೆ ನೋಡೋದು ಅಂದಳು.

"ದೇವ್ರೂ ಅದ್ನೇ ಅಲ್ವೇನವ್ವ ಮಾಡೋದು?"

ಅವಳು ಲೂನಾ ಹತ್ತಿ ಚಳ್ಳಕೆರೆ ಕಡೆಗೆ ಹೊರಟಳು.

ಮನೆಯಲ್ಲಿ ಯರ್ರಮ್ಮ ಮಾತ್ರ ಗಟ್ಟಿ. ನೀನು ಹೌದು ಅನ್ನಬ್ಯಾಡ, ಅಲ್ಲ ಅಂತಲೂ ಅನ್ನಬ್ಯಾಡ, ಹೆರಿಗೆ ಆಗೋತನಕ ಬಾಯಿಗೆ ಬೀಗ ಹಾಕ್ಕೋ ಅಂದಳು. ರೇಣುಕಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವ್ವ ನೀರಿಗೆ ಹೋದಾಗ ಮೆಲ್ಲಗೆ ಕೇಳಿದಳು.

"ಅಪ್ಪಾ, ಆ ಮನೆಯಾಗೆ ಮಲಗಿದ್ಲಲ್ಲ, ಅವಳು ನನ್ನಂಗೆ ಇದ್ಲಾ?"

ಪಾತಣ್ಣ ಅವಳ ಕಾಲಿಗೆ ಕಂಬಳಿ ಹೊದಿಸಿದ.

"ನಿಮ್ಮವ್ವನಂಗೆ ಇದ್ಲು ಕಣವ್ವ. ಸಣ್ಣ ವಯಸ್ನಾಗೆ ಇದ್ದಂಗೆ."

ನಾಲ್ಕನೇ ದಿನ ಬೆಳಿಗ್ಗೆ ಜಂಪಣ್ಣ ಪಾತಣ್ಣನನ್ನ ದೇವರ ಗುಡಿ ಮುಂದಕ್ಕೆ ಕರೆಸಿದ. ಹಟ್ಟಿಯೆಲ್ಲ ಸೇರಿತ್ತು. ಜಂಪಣ್ಣ ಕೆಟ್ಟವನಲ್ಲ. ಇಪ್ಪತ್ತು ವರ್ಷ ಹೇಳಿಕೆ ಕೊಟ್ಟವನಿಗೂ ಇದು ಬಗೆಹರಿಯದೆ ಕಣ್ಣು ಕೆಂಪಗಾಗಿದ್ದವು. ಮೈ ನಡುಗಿತಾ, ನಾಲಿಗೆ ಒಣಗಿತಾ ಅಂತ ಒಂದೊಂದೇ ಕೇಳಿದ. ಪಾತಣ್ಣ ಒಂಚೂರು ನಡುಗಿತು, ಚಳಿಗೋ ಏನೋ ಅಂದ. ಕೊನೆಗೆ ಜಂಪಣ್ಣ ಹತ್ತಿರ ಬಂದ.

"ಏನಂದೆ ಅಂತ ನಿನಗೆ ನೆನಪೈತಾ? ಹೇಳಿಕೆ ಕೊಟ್ಟ ಮೇಲೆ ನನಗೆ ಒಂದು ಮಾತೂ ನೆನಪಿರಾಕಿಲ್ಲ."

ಇಲ್ಲ ಅಂದರೆ ಮುಗೀತು. ಮಗಳು ಮನೆಯಲ್ಲೇ ಉಳಿಯುತ್ತಾಳೆ. ಹೆಂಗಸರ ನಡುವಿಂದ ಯರ್ರಮ್ಮ, ಇಲ್ಲ ಅನ್ನು ಅಂತ ತಲೆ ಅಲ್ಲಾಡಿಸುತ್ತಿದ್ದಳು. ಪಾತಣ್ಣ ಗುಡಿ ಕಡೆ ನೋಡಿದ, ಹೆಂಡತಿ ಕಡೆ ನೋಡಿದ. ಒಳಗಿರೋ ದೇವರ ಹೆಸರಲ್ಲಿ ಸುಳ್ಳು ಹೇಳೋಕೆ ಅವನ ನಾಲಿಗೆ ಏಳಲಿಲ್ಲ.

"ಎಲ್ಲಾ ನೆನಪೈತೆ. ನಾನೇ ಹೇಳಿದ್ದು."

ಯರ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜಂಪಣ್ಣ ನಿಟ್ಟುಸಿರು ಬಿಟ್ಟು, ಹಂಗಾರೆ ಮಗಳನ್ನ ಗುಡ್ಲಿಗೆ ಕಳಿಸು ಅಂದ.

"ಕಳಿಸಾಕಿಲ್ಲ."

"ದೇವ್ರು ಹೇಳಿಲ್ಲ ಅಂದ್ಯಲ್ಲ."

"ಹೇಳಿಲ್ಲ. ನಾನು ಹೇಳ್ತಿದೀನಿ."

ಯಾರಿಗೂ ಏನು ಮಾಡಬೇಕೋ ತಿಳಿಯಲಿಲ್ಲ. ದೇವರ ಮಾತಾಗಿದ್ದರೆ ಕೈ ಮುಗಿದು ನಡೆಯೋರು. ದೇವರ ಹೆಸರಲ್ಲಿ ಸುಳ್ಳಾಡಿದ್ದರೆ ತಪ್ಪುದಂಡ ಕಟ್ಟಿಸೋರು. ತಾನೇ ಕಂಡದ್ದು ಅಂತ ಒಪ್ಪಿಕೊಂಡು, ಹಂಗೇ ನಡೀತೀನಿ ಅನ್ನೋನನ್ನ ಆ ಹಟ್ಟಿ ಹಿಂದೆ ನೋಡಿರಲಿಲ್ಲ. ನಿನ್ನ ಮಾತಿಗೆ ಹೂಂ ಅನ್ನಾಕೂ ನನಗೆ ಬರಲ್ಲ, ಊಹೂಂ ಅನ್ನಾಕೂ ಬರಲ್ಲ ಅಂತ ಜಂಪಣ್ಣ ಗುಡಿ ಒಳಗೆ ಹೋಗಿಬಿಟ್ಟ.

ರೇಣುಕಮ್ಮ ಮನೆಯಲ್ಲೇ ಹೆತ್ತಳು. ಹೆಣ್ಣು ಕೂಸು. ಅರ್ಧ ಹಟ್ಟಿ ಪಾತಣ್ಣನ ಮನೆಯಲ್ಲಿ ನೀರು ಮುಟ್ಟೋದು ಬಿಟ್ಟಿತು. ಇನ್ನರ್ಧ ಬಾಗಿಲತನಕ ಬಂದು ಕತ್ತು ಚಾಚಿ ಕೂಸು ನೋಡಿಕೊಂಡು ಹೋಗೋದು.

ಹತ್ತನೇ ದಿನ, ಸೂತಕ ಕಳೆಯೋಕೆ ಮುಂಚೆಯೇ, ಜಂಪಣ್ಣನ ಹೆಂಡತಿ ಬಂದಳು. ಒಂದು ಕಾಲು ಹೊಸ್ತಿಲೊಳಗೆ ಇಟ್ಟಳು, ಇನ್ನೊಂದು ಹೊರಗೇ ಉಳಿಯಿತು. ಯುಗಾದಿ ಹೊತ್ತಿಗೆ ಅವಳ ಸೊಸೆದೂ ಹೆರಿಗೆಯಂತೆ.

"ಏನ್ ಮಾಡಾಣ ಪಾತಣ್ಣ?"

"ನನಗೂ ತಿಳೀವಲ್ದು ಕಣಕ್ಕ" ಅಂದ ಪಾತಣ್ಣ. ಅದು ನಿಜವೂ ಆಗಿತ್ತು.

ಅವಳು ಆ ಕಡೆ ಈ ಕಡೆ ನೋಡಿ, ಹೊರಗಿದ್ದ ಕಾಲನ್ನೂ ಒಳಗೆ ಇಟ್ಟಳು.