ಕೋಣೆಗಿಂತ ತಣ್ಣಗಾದ ಹಾಲು

2018ರ ಮಾರ್ಚ್ 11, ಭಾನುವಾರ, ಬೆಳಿಗ್ಗೆ 9 ಗಂಟೆ 20 ನಿಮಿಷ. ಅಡುಗೆಮನೆಯ ಮೇಜಿನ ಮುಂದೆ ಕುಳಿತು ಮಗಳು ಫೋನ್ ನೋಡಿಕೊಂಡು ಗಣಿತದ ಅವಕಲ ಸಮೀಕರಣದ (ಡಿಫರೆನ್ಷಿಯಲ್ ಇಕ್ವೇಶನ್) ಹೋಮ್‌ವರ್ಕ್ ನಕಲು ಮಾಡುತ್ತಿದ್ದಳು. ತರಗತಿಯ ನಲವತ್ತೆರಡು ಮಂದಿಗೂ ಉತ್ತರ ಬರುತ್ತಿದ್ದುದು ಫೋನಿನ ಅದೊಂದೇ ವಾಟ್ಸಾಪ್ ಗುಂಪಿನಿಂದ. ಹೋದ ವಾರ ಮೇಷ್ಟ್ರು ಬೋರ್ಡಿಗೆ ಕರೆದಾಗ, ತಾನೇ ಬರೆದ ಸಾಲನ್ನು ವಿವರಿಸಲಾಗದೆ ನಿಂತಿದ್ದಳು. "ಬರೋ ಸೋಮವಾರವೂ ಹೀಗೇ ನಿಂತ್ರೆ ಗಣಿತ ಬಿಟ್ಟು ಬೇರೆ ವಿಷಯ ತಗೊಳ್ಳಮ್ಮ" ಎಂದಿದ್ದರು. ಬಿಡುವ ಮನಸ್ಸು ಅವಳಿಗಿರಲಿಲ್ಲ.

ತಾಯಿ ಹೆಗಲ ಮೇಲಿಂದ ಇಣುಕಿದಳು. ಡೇರಿಯ ಮೊಸರು ವಿಭಾಗದಲ್ಲಿ ಹತ್ತೊಂಬತ್ತು ವರ್ಷ ದುಡಿದವಳು.

"ಏನೇ ಅದು?"

"ಹಾಲು ತೊಂಬತ್ತು ಡಿಗ್ರಿ, ಕೋಣೆ ಇಪ್ಪತ್ತಾರು. ಹತ್ತು ನಿಮಿಷಕ್ಕೆ ಎಪ್ಪತ್ನಾಲ್ಕು ಆದ್ರೆ ಎಂಬತ್ತು ನಿಮಿಷಕ್ಕೆ ಎಷ್ಟು ಅಂತ. ಉತ್ತರ 18.8."

ತಾಯಿಗೆ ನಗು ತಡೆಯಲಾಗಲಿಲ್ಲ. "ಕೋಣೆಗಿಂತ ತಣ್ಣಗಾ! ಹಾಗಾದ್ರೆ ಜನ ಫ್ರಿಜ್ ಯಾಕೆ ತಗೊಳ್ತಾರೆ, ಬಟ್ಟೆ ಇಡೋಕಾ?"

ಪೆನ್ನು ನಿಂತಿತು. ಮಗಳು ತರಗತಿಯ ಗೆಳತಿಗೆ ಫೋನ್ ಮಾಡಿ, ಉತ್ತರ ತಪ್ಪಿರಬಹುದು ಎಂದಳು.

"ನಲವತ್ತೊಂದು ಜನ ಅದನ್ನೇ ಬರ್ದಿದಾರೆ ಕಣೇ. ನೀನೊಬ್ಳೇ ಬೇರೆ ಬರೆದ್ರೆ ತಪ್ಪು ನಿಂದೇ ಅಂತಾರೆ. ಎಲ್ಲಾ ತಿಳ್ಕೊಂಡೇ ಬರೀತೀನಿ ಅಂದ್ರೆ ಊಟ ನಿದ್ದೆ ಬಿಡ್ಬೇಕಷ್ಟೆ" ಎಂದಳು ಗೆಳತಿ.

ಮಗಳು ಫೋನ್ ಕೆಳಗಿಟ್ಟಳು. "ಮತ್ತೆ ಹಾಲು ಹೇಗಮ್ಮ ಆರೋದು?"

"ಬಿಸಿ ಜಾಸ್ತಿ ಇರೋವಾಗ ದಡದಡ ಇಳಿಯತ್ತೆ. ಕೋಣೆ ಬಿಸಿಗೆ ಹತ್ರ ಬಂದಷ್ಟೂ ಸೋಮಾರಿ ಆಗತ್ತೆ."

ಪಠ್ಯದ ಮೊದಲ ಸಾಲಿನಲ್ಲಿ ಇದ್ದದ್ದೂ ಅದೇ: ಇಳಿಯುವ ವೇಗವು ಹಾಲಿಗೂ ಕೋಣೆಗೂ ಇರುವ ಅಂತರಕ್ಕೆ ತಕ್ಕಂತೆ. ಎಷ್ಟೋ ಸಲ ಓದಿದ್ದ ಸಾಲು ಈಗ ಮೊದಲ ಬಾರಿ ಮಾತಾಡಿತು. ಗುಂಪಿನಲ್ಲಿ ಲೆಕ್ಕ ಬಿಡಿಸಿದವರು ಕೋಣೆಯ ಇಪ್ಪತ್ತಾರನ್ನು ಕಳೆಯುವುದನ್ನೇ ಮರೆತಿದ್ದರು. ಅವಳು ತಾನೇ ಬಿಡಿಸಿದಳು. 32.4 ಬಂತು.

"ನೋಡೇಬಿಡೋಣ" ಎಂದು ತಾಯಿ ಒಂದು ಲೀಟರ್ ಹಾಲು ಕಾಯಿಸಿ, ಡೇರಿಯಲ್ಲಿ ಬಳಸುವಂಥ ಥರ್ಮಾಮೀಟರ್ ಇಳಿಬಿಟ್ಟಳು. ಹಾಲು 88, ಕೋಣೆ 28. ಹತ್ತು ನಿಮಿಷಕ್ಕೆ 73. ಅರವತ್ತರ ಅಂತರ ನಲವತ್ತೈದಾಗಿತ್ತು, ಅಂದರೆ ಮುಕ್ಕಾಲು. ಪ್ರತಿ ಹತ್ತು ನಿಮಿಷಕ್ಕೂ ಉಳಿಯುವುದು ಹಿಂದಿನದರ ಮುಕ್ಕಾಲು. ನಲವತ್ತನೆಯ ನಿಮಿಷಕ್ಕೆಂದು ಅವಳು ಚೀಟಿಯಲ್ಲಿ 47.0 ಎಂದು ಬರೆದು ಪಾತ್ರೆಯ ಪಕ್ಕದಲ್ಲಿಟ್ಟಳು.

ಕುತೂಹಲ ತಡೆಯದೆ ಗೆಳತಿಯೂ ಬಂದಳು. "ಆಂಟೀ, ಇವಳು ಭವಿಷ್ಯ ಹೇಳೋ ಅಂಗಡಿ ಇಟ್ಳಾ?"

ಅರ್ಧ ಗಂಟೆ ಮೂವರೂ ಪಾತ್ರೆ ಬಿಟ್ಟು ಕದಲಲಿಲ್ಲ. 63, 55, 50... ಇನ್ನೂ ಆಗದೇ ಇದ್ದುದನ್ನು ಕಾಗದ ಮೊದಲೇ ಬಲ್ಲದೇನೋ ಎಂಬಂತೆ ಅಂಕಿಗಳು ಚೀಟಿಯ ಕಡೆಗೆ ಇಳಿದು ಬಂದವು. ಕೊನೆಯ ನಿಮಿಷದಲ್ಲಿ ಗೆಳತಿಯೂ ತಮಾಷೆ ಮರೆತಳು.

"ಹತ್ತೊಂಬತ್ತು ವರ್ಷ ನಾನು ಕೈಯಿಟ್ಟು ನೋಡಿದ್ದನ್ನ ನೀನು ಕೂತಲ್ಲೇ ಬರೆದುಬಿಟ್ಯಲ್ಲೇ" ಎಂದಳು ತಾಯಿ, ಮೆಲ್ಲಗೆ.

ಗೆಳತಿ ತನ್ನ ಪುಸ್ತಕ ತೆಗೆದು 18.8ರ ಮೇಲೆ ಗೀಟು ಎಳೆದಳು. "ಮೊದಲಿಂದ ಹೇಳ್ಕೊಡೇ."

ಸೋಮವಾರ ಮಗಳು ಪುಸ್ತಕ ಮುಚ್ಚಿಟ್ಟು ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದಳು. ಮನೆಯ ಹಾಲಿನ ವಿಷಯವನ್ನೂ ಹೇಳಿ, ಲೆಕ್ಕ, 47.0 ಡಿಗ್ರಿ ಎಂದು ಬರೆದಳು. ಮೇಷ್ಟ್ರು ಎದ್ದು ಬೋರ್ಡಿನ ಹತ್ತಿರ ಬಂದರು. "ಅಳೆದಾಗ ಸರಿಯಾಗಿ 47.0 ಬಂತೇನಮ್ಮ?"

ಹೌದೆಂದರೆ ಮುಗಿದುಹೋಗುತ್ತಿತ್ತು. ಅವಳು ಸೀಮೆಸುಣ್ಣ ತೆಗೆದುಕೊಂಡು ಕೆಳಗೆ ಇನ್ನೊಂದು ಸಾಲು ಬರೆದಳು: ಅಳತೆ, 47.6 ಡಿಗ್ರಿ.