ಹಳೆಯ ಫೋನಿನ ಸಮುದ್ರ

"ಇದು ನನ್ನದಲ್ಲ ಟೀಚರ್. ಇದೂ ಅಲ್ಲ. ಈ ಸಮುದ್ರ ಯಾರದ್ದೋ," ಎಂದು ಝಕರಿಯಾ ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟರು.

ಆನ್ಸಿ ಕುರ್ಚಿ ಎಳೆದುಕೊಂಡು ಕೂತಳು. ಎದುರು ಮನೆಯವಳು, ಬಲ್ಮಠದ ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಊಟ ಮಾಡಿ ಬಂದಿದ್ದಳು.

"ಸಮುದ್ರ ಯಾರದ್ದು ಅಂತ ನಾನು ಹೇಗೆ ಹೇಳುವುದು ಝಕರಿಯಾಕ? ನಿಮ್ಮ ಫೋಟೋ ಯಾವುದು, ಅದು ತೋರಿಸಿ."

"ನನ್ನದು ಬರುವುದೇ ಇಲ್ಲ ಮಾರಾಯ್ರೆ, ಅದೇ ತೊಂದರೆ. ಮೊಮ್ಮಗಳ ಫೋಟೋ ಎಷ್ಟು ತೆಗೆದಿದ್ದೇನೆ! ಒಂದೂ ಇದರಲ್ಲಿ ಇಲ್ಲ. ಬರುವುದೆಲ್ಲ ಇಂಥದ್ದು."

ಇಂಥದ್ದು ಎಂದರೆ, ದೋಣಿಯ ಮೂತಿ ಮತ್ತು ಅದರಾಚೆಗೆ ಹೊಳೆಯ ಬೆಳ್ಳನೆ ನೀರು. ಒಣಗಲು ಹರವಿದ ಬಲೆಯ ನಡುವೆ ಮಲಗಿದ ಬೆಕ್ಕು. ಗಾಳಿಮರದ ಸೂಜಿಯಂಥ ನೆರಳು. ಉಪ್ಪು ಮೆಣಸು ಹಚ್ಚಿದ ಅರ್ಧ ಸೌತೆಕಾಯಿ. ದೂರದಲ್ಲಿ, ಬಂದರಿಗೆ ಬರಲು ಕಾಯುತ್ತ ನಿಂತ ಹಡಗು. ಒದ್ದೆ ಮರಳಿನ ಮೇಲೆ ಎರಡು ಪಾದ, ನೀರು ಹೀರಿ ಭಾರವಾದ ಕಪ್ಪು ಬುರ್ಖಾದ ಅಂಚು.

ಮಳೆ ಬಿಟ್ಟ ಮೇಲೆ ಇವು ಬರಲು ಶುರುವಾದದ್ದು. ಒಂದು ದಿನ ಮಧ್ಯಾಹ್ನ ಝಕರಿಯಾ ನಿದ್ದೆಯಿಂದೆದ್ದು ಕಂಪ್ಯೂಟರ್ ತೆರೆದಾಗ, ಗಲ್ಫಿನ ದಮ್ಮಾಮಿನಲ್ಲಿ ತೆಗೆದ ಹಳೆಯ ಫೋಟೋಗಳ ಮೇಲುಗಡೆ ಹೊಸತೊಂದು ಚೌಕ ಕಂಡಿತು. ಮೊದಲು ಬೂದಿ ಬಣ್ಣ, ಆಮೇಲೆ ಮಸುಕು ಮಸುಕಾದ ನೀಲಿ, ಆಮೇಲೆ ನೀರು. ಕನಸಿನ ಬಾಲ ಇನ್ನೂ ಕಣ್ಣಲ್ಲೇ ಉಳಿದಿದೆಯೇನೋ ಎಂದು ಅವರು ಮುಖ ತೊಳೆದು ಬಂದರು. ನೀರು ಅಲ್ಲೇ ಇತ್ತು. ಹೊತ್ತು ಇಳಿಯುವಷ್ಟರಲ್ಲಿ ಇನ್ನೂ ಕೆಲವು ಬಂದವು, ಯಾರೋ ಆಚೆಯಿಂದ ಒಂದೊಂದಾಗಿ ಕಿಟಕಿ ತೆರೆಯುತ್ತಿದ್ದ ಹಾಗೆ.

ಆಗಲೇ ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ದಮ್ಮಾಮಿನಲ್ಲಿ ಮೂವತ್ತು ವರ್ಷ ದಿನಸಿ ಅಂಗಡಿ ನಡೆಸಿ, ಅದನ್ನು ಬಿಟ್ಟು ಬಂದು ವರ್ಷವಾಗಿತ್ತು. ಎರಡು ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದ ಮನೆಯಲ್ಲಿ ಈಗ ಅವರು ರಜೆ ಮುಗಿಯದ ನೆಂಟ. ಹೆಂಡತಿ ಮುಮ್ತಾಝ್ ಒಳ್ಳೆಯ ಮೀನು ತಂದು ಸಾರು ಮಾಡುತ್ತಿದ್ದಳು, ಒಳ್ಳೆಯ ತುಂಡನ್ನು ಅವರ ಬಟ್ಟಲಿಗೇ ಹಾಕುತ್ತಿದ್ದಳು. ಆದರೆ ಮಾತು ಹುಟ್ಟುತ್ತಿರಲಿಲ್ಲ. ಇಬ್ಬರಿಗೂ ಫೋನಿನಲ್ಲಿ ಮಾತಾಡಿ ರೂಢಿ. ಎದುರಿಗೆ ಕೂತರೆ ಹಲೋ ಎಲ್ಲಿಂದ ಶುರು ಮಾಡುವುದು ಎಂದು ತಿಳಿಯುತ್ತಿರಲಿಲ್ಲ.

ಹಾಗಾಗಿ ಆ ಚೌಕಗಳು ಅವರಿಗೆ ಕಾಯುವ ವಿಷಯವಾದವು. ಮಂಗಳವಾರ ಹೆಚ್ಚು ಬರುತ್ತವೆ ಎಂಬುದನ್ನೂ ಗಮನಿಸಿದ್ದರು. ತೆಗೆಯುವವಳು ಹೆಂಗಸೆಂದು ಬುರ್ಖಾದಿಂದ ಗೊತ್ತಾಗಿತ್ತು. ಉಳಿದದ್ದನ್ನು ಅವರೇ ಕಟ್ಟಿಕೊಂಡರು: ಕಾಲೇಜಿಗೆ ಹೋಗುವ ಹುಡುಗಿ ಇರಬೇಕು, ನಗುಮುಖದವಳು, ಯಾವುದಕ್ಕೂ ಅವಸರ ಇಲ್ಲದವಳು. ಬೆಕ್ಕು ಕಂಡರೆ ಕೂರುತ್ತಾಳೆ, ನೆರಳು ಕಂಡರೆ ನಿಲ್ಲುತ್ತಾಳೆ. ಇಷ್ಟು ಯೋಚಿಸಿದ ಮೇಲೆ ಅವರಿಗೇ ನಾಚಿಕೆಯಾಗಿ, ಅಡುಗೆಮನೆಗೆ ಹೋಗಿ ಬೇಡದ ನೀರು ಕುಡಿದು ಬರುತ್ತಿದ್ದರು.

ಮೊನ್ನೆ ಮಗಳು ಶೈಮಾಳ ಗಂಡ ಇಜಾಝ್‌ನೊಡನೆ ಮಾತಾಡುವಾಗ ಬಾಯಿ ತಪ್ಪಿ ಹೇಳಿಬಿಟ್ಟಿದ್ದರು. ಅವನು ಗಾಬರಿಯಾಗಿದ್ದ. "ಯಾರೋ ನಿಮ್ಮ ಅಕೌಂಟಿಗೆ ನುಗ್ಗಿದ್ದಾರೆ ಮಾಮ. ಇವತ್ತು ಫೋಟೋ, ನಾಳೆ ಬ್ಯಾಂಕ್. ಎಲ್ಲ ಡಿಲೀಟ್ ಮಾಡ್ಸಿ, ಬೇಗ." ಅದಕ್ಕೇ ಆನ್ಸಿ ಬಂದದ್ದು.

ಅವಳು ಝಕರಿಯಾರ ಹೊಸ ಫೋನನ್ನು ಇಸಿದುಕೊಂಡು ಒಮ್ಮೆ ಅದನ್ನು, ಒಮ್ಮೆ ಪರದೆಯನ್ನು ನೋಡಿದಳು. "ಈ ಫೋನ್ ಯಾರು ರೆಡಿ ಮಾಡಿ ಕೊಟ್ಟದ್ದು?"

"ಇಜಾಝ್."

"ಅವನು ಇದಕ್ಕೆ ಹೊಸ ಅಕೌಂಟ್ ಮಾಡಿದ್ದಾನೆ. ಕಂಪ್ಯೂಟರ್ ಇನ್ನೂ ಹಳೆ ಅಕೌಂಟಿನಲ್ಲೇ ಉಂಟು. ನಿಮ್ಮ ಮೊಮ್ಮಗಳು ಒಂದು ಮನೆಯಲ್ಲಿ, ನೀವು ಇನ್ನೊಂದು ಮನೆಯ ಬಾಗಿಲು ತಟ್ಟುತ್ತಾ ಇದ್ದೀರಿ. ಆ ಮಗು ಹೇಗೆ ಬರ್ತದೆ?" ಅವಳು ಅಲ್ಲೊಂದು ಇಲ್ಲೊಂದು ಒತ್ತಿದಳು. ಸ್ವಲ್ಪ ಹೊತ್ತಿಗೆ ಪರದೆಯ ತುಂಬ ಮೊಮ್ಮಗಳು ಆಮ್ನಾಳ ಹಲ್ಲಿಲ್ಲದ ಬಾಯಿ ತೆರೆದುಕೊಂಡಿತು. "ಹೋ, ಸಿಕ್ಕಿದಳು."

ಝಕರಿಯಾ ಖುಷಿಯಿಂದ ನಕ್ಕರು. ಆಮೇಲೆ ಕೇಳಿದರು, "ಹಾಗಾದರೆ ಆ ಮನೆಯಲ್ಲಿ ಯಾರು?"

"ಯಾರಾದರೇನು? ಬೇಡ ಅಂದ್ರಲ್ಲ. ದಮ್ಮಾಮಿನದ್ದು ಇಟ್ಟು ಇದನ್ನೆಲ್ಲ ಅಳಿಸಿ ಬಿಡ್ತೇನೆ." ಅವಳು ಹಳೆಯ ಅಕೌಂಟಿಗೆ ಮರಳಿ ಹೊಳೆ, ಬೆಕ್ಕು, ಹಡಗು, ಪಾದ, ಎಲ್ಲದಕ್ಕೂ ಗುರುತು ಹಾಕಿದಳು. "ಒತ್ತುವುದಾ?"

ಬೇಡ ಎನ್ನಬೇಕೆಂದು ಅನಿಸಿತು. ಯಾಕೆ ಬೇಡ ಎಂದು ಟೀಚರಿಗೆ ಹೇಳುವುದು ಹೇಗೆ? "ಒತ್ತಿ," ಎಂದರು ಅವರು, ಕಿಟಕಿಯ ಕಡೆಗೆ ನೋಡುತ್ತ.

ಒತ್ತಿದ ಶಬ್ದ ಬರಲಿಲ್ಲ. ತಿರುಗಿ ನೋಡಿದರೆ ಆನ್ಸಿಯ ಕೈ ಹಾಗೇ ನಿಂತಿತ್ತು. ಪರದೆಯ ಮೇಲೆ ಹೊಸತೊಂದು ಬೂದಿ ಚೌಕ ಮೂಡಿ, ಮೆಲ್ಲನೆ ಬಣ್ಣ ತುಂಬಿಕೊಳ್ಳುತ್ತಿತ್ತು. ಒಂದು ಈಸಿಚೇರು. ಅದರಲ್ಲಿ ಬಿಳಿ ಮುಂಡು ಉಟ್ಟ ಗಂಡಸು, ಬಾಯಿ ತೆರೆದು ನಿದ್ದೆ ಹೋಗಿದ್ದಾನೆ. ಕನ್ನಡಕ ಎದೆಯ ಮೇಲೆ. ಹಿಂದೆ ಹಸಿರು ಹೂವಿನ ಕಿಟಕಿ ಪರದೆ, ಆನ್ಸಿಯ ಬೆನ್ನ ಹಿಂದೆ ಈಗಲೂ ತೂಗುತ್ತಿದ್ದ ಅದೇ ಪರದೆ.

"ದೆವಾ," ಎಂದಳು ಆನ್ಸಿ ಮೆಲ್ಲಗೆ. "ನಿಮ್ಮ ಹಳೆ ಫೋನ್ ಎಂತ ಮಾಡಿದ್ರಿ?"

ಗಲ್ಫಿಗೆ ಹೋದವರ ಮನೆಗಳಲ್ಲಿ ಅದಕ್ಕೊಂದು ಕ್ರಮ ಉಂಟು. ಹೊಸ ಫೋನ್ ಗಂಡನಿಗೆ, ಅವನ ಹಳೆಯದು ಹೆಂಡತಿಗೆ. ಒರೆಸಿ, ಹೊಸ ಕವರು ಹಾಕಿ, ಸಿಮ್ ಬದಲಿಸಿ ಕೊಟ್ಟರೆ ಮುಗಿಯಿತು. ಒಳಗಿದ್ದ ಗಂಡನ ಅಕೌಂಟನ್ನು ತೆಗೆಯಬೇಕೆಂದು ಯಾರಿಗೆ ಗೊತ್ತಿರುತ್ತದೆ? ಝಕರಿಯಾ ಅಡುಗೆಮನೆಯ ಕಡೆಗೆ ನೋಡಿದರು.

ಅಲ್ಲಿಂದ ಮುಮ್ತಾಝಳ ದನಿ ಬಂತು. "ಟೀಚರ್, ಸರಿ ಆಯ್ತಾ? ಚಾ ಇಡ್ಲಾ?"

"ಬೇಡ ಮುಮ್ತಾಝಕ್ಕ, ಹೊರಟೆ," ಎಂದು ಆನ್ಸಿ ಗಟ್ಟಿಯಾಗಿ ಹೇಳಿ, ಹಾಕಿದ ಗುರುತುಗಳನ್ನೆಲ್ಲ ಒಂದೇಟಿಗೆ ತೆಗೆದಳು. ಆಮೇಲೆ ದನಿ ತಗ್ಗಿಸಿದಳು. "ಇಲ್ಲಿ ಅಳಿಸಿದ್ರೆ ಅವರ ಫೋನಿನಿಂದಲೂ ಹೋಗ್ತಿತ್ತು. ನನ್ನ ಕೈಯಿಂದ ಎಂಥ ಪಾಪ ಮಾಡಿಸ್ತಿದ್ರಿ ನೀವು! ನೋಡಿ, ಅವರ ಫೋನಿನಲ್ಲಿ ಇಂಥದ್ದೇ ಒಂದು ಸ್ವಿಚ್ ಉಂಟು." ತನ್ನ ಫೋನಿನಲ್ಲಿ ತೋರಿಸಿದಳು. "ಅದನ್ನು ಬಂದ್ ಮಾಡಿದ್ರೆ ಇಲ್ಲಿಗೆ ಬರುವುದು ನಿಲ್ತದೆ. ತೆಗೆದದ್ದು ಅವರಲ್ಲೇ ಉಳೀತದೆ."

"ಬಂದ್ ಮಾಡದಿದ್ರೆ?"

ಆನ್ಸಿ ಚಪ್ಪಲಿ ಮೆಟ್ಟುತ್ತ ಅವರ ಮುಖ ನೋಡಿದಳು. "ಬರ್ತಾ ಇರ್ತದೆ. ನೀವು ನೋಡ್ತಾ ಇರ್ತೀರಿ. ಒಂದು ದಿನ ಅವರಿಗೆ ಗೊತ್ತಾಗ್ತದೆ. ಆ ದಿನ ನಾನು ನಿಮ್ಮ ಪಕ್ಷ ಇಲ್ಲ ಝಕರಿಯಾಕ, ಈಗಲೇ ಹೇಳಿದ್ದೇನೆ."

ಅವಳು ಹೋದ ಮೇಲೆ ಝಕರಿಯಾ ಮತ್ತೆ ಮೊದಲಿನಿಂದ ನೋಡಿದರು. ಕಾಲೇಜಿನ ಹುಡುಗಿ ಎಲ್ಲೂ ಇರಲಿಲ್ಲ. ಒದ್ದೆ ಮರಳಿನ ಪಾದಗಳ ಬಳಿ ಬಂದು ನಿಂತರು. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಸ್ವಲ್ಪ ಹತ್ತಿ ಕೂತಿತ್ತು. ನಿನ್ನೆ ರಾತ್ರಿ ಊಟಕ್ಕೆ ಕೂತಾಗಲೂ ಆ ಕಾಲು ಎದುರಿಗೇ ಇದ್ದಿರಬೇಕು. ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಸರಿಯುತ್ತ ಗೋಡೆ ಹತ್ತಿತು. ದೂರದಲ್ಲಿ ಹೆದ್ದಾರಿಯ ಲಾರಿಗಳ ಸದ್ದು ಅಲೆಯ ಹಾಗೆ ಬಂದು ಬಂದು ಹೋಗುತ್ತಿತ್ತು. ಮಸೀದಿಯಿಂದ ಇಳಿಹೊತ್ತಿನ ಅಸರಿನ ಬಾಂಗ್ ಕೇಳಿಸಿತು. ನಮಾಝ್ ಮುಗಿಸಿ ಬಂದವರು ಮತ್ತೆ ಅಲ್ಲೇ ಕೂತರು.

ಮುಮ್ತಾಝ್ ತಾರಸಿಯಿಂದ ಬಟ್ಟೆ ತಂದು ಮಂಚದ ಮೇಲೆ ಸುರಿದು ಮಡಚತೊಡಗಿದಳು.

"ನೀನು ತೆಗೆದ ಫೋಟೋ ಎಲ್ಲ ಇದರಲ್ಲಿ ಬರ್ತದೆ," ಎಂದರು ಝಕರಿಯಾ.

"ಯಾವ ಫೋಟೋ?"

"ಸಮುದ್ರದ್ದು. ದೋಣಿಯದ್ದು."

ಮಡಚುತ್ತಿದ್ದ ಅಂಗಿ ಅವಳ ಕೈಯಲ್ಲೇ ನಿಂತಿತು. "ಯಾವಾಗಿಂದ?"

"ಮಳೆ ಬಿಟ್ಟಾಗಿಂದ."

"ಅಷ್ಟು ದಿನದಿಂದ ನೋಡ್ತಾ ಇದ್ದೀರಿ. ಬಾಯಿ ಬಿಡಲಿಲ್ಲ."

"ನಿನ್ನದು ಅಂತ ಗೊತ್ತಿರಲಿಲ್ಲ. ಯಾರೋ ಅಂತ..."

"ಯಾರು ಅಂತ?"

ಝಕರಿಯಾ ಕುತ್ತಿಗೆ ಕೆರೆದುಕೊಂಡರು. "ಯಾರೋ ಚಿಕ್ಕ ಪ್ರಾಯದವಳು ಅಂತ."

"ಚಿಕ್ಕ ಪ್ರಾಯದವಳಾ!" ಅವಳಿಗೆ ನಗು ಬಂದೇಬಿಟ್ಟಿತು. ಬಂದ ಹಾಗೇ ಹೋಯಿತು. "ಅದರಲ್ಲಿ ನನ್ನ ಕಾಲು ಇತ್ತಲ್ಲ."

ಅವಳು ಅಂಗಿ ಮಡಚಿಟ್ಟು ಇನ್ನೊಂದು ತೆಗೆದುಕೊಂಡಳು.

"ಮಂಗಳವಾರ ರಮ್ಲಾ ಮನೆಗೆ ಅಂತ ಹೇಳಿದ್ದು ಸುಳ್ಳಲ್ಲ. ತಂಗಿಯ ಮನೆಗೇ ಹೋಗುವುದು. ಅಲ್ಲಿಂದ ಇಬ್ಬರೂ ಸುಲ್ತಾನ್ ಬತ್ತೇರಿಗೆ ನಡೆದು ದೋಣಿ ಹತ್ತಿ ಹೊಳೆ ದಾಟಿ ತಣ್ಣೀರುಬಾವಿ ಕಡಲಿಗೆ. ಶೈಮಾ ಶಾಲೆಗೆ ಹೋಗ್ತಿದ್ದಾಗಿಂದ ಉಂಟು. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ."

"ಹೇಳಿದ್ರೆ ನಾನು ಬೇಡ ಅಂತಿದ್ದೆನಾ?"

"ಇಲ್ಲ. ಹೋಗು ಅಂತಿದ್ರಿ. ಆಮೇಲೆ ಅದು ನೀವು ಕಳಿಸಿದ್ದು ಆಗ್ತಿತ್ತು. ನಾನು ಹೋದದ್ದು ಆಗ್ತಿರಲಿಲ್ಲ."

ಇದನ್ನು ಅವರು ತಕ್ಷಣ ಹಿಡಿದುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಅಂಗಡಿಯಲ್ಲಿ ಎಷ್ಟೋ ಗಿರಾಕಿಗಳ ಮನಸ್ಸನ್ನು ಅವರು ಬಾಗಿಲಲ್ಲೇ ಓದಿದ್ದರು, ಸಾಲಕ್ಕೆ ಬಂದವನೋ ಸುಮ್ಮನೆ ತಂಪಿಗೆ ಬಂದವನೋ ಎಂದು. ಆ ಕಣ್ಣು ಇಲ್ಲಿ ಕೆಲಸಕ್ಕೆ ಬರಲಿಲ್ಲ.

"ಮತ್ತೆ ನಾನು ನಿದ್ದೆ ಮಾಡುವುದು ಎಂತಕ್ಕೆ ತೆಗೆದದ್ದು? ಬಾಯಿ ತೆರೆದುಕೊಂಡು, ಟೀಚರ್ ಎದುರು ಮರ್ಯಾದೆ ಹೋಯ್ತು."

"ಇವತ್ತು ತೆಗೆದದ್ದೂ ಬಂತಾ?" ಅವಳು ಮುಖ ತಿರುಗಿಸಿದಳು. ಕಿವಿಯ ಬದಿ ಕೆಂಪಾಗಿತ್ತು. "ನೀವು ಅಲ್ಲಿಂದ ಕಳಿಸ್ತಿದ್ದದ್ದರಲ್ಲೆಲ್ಲ ಎದ್ದೇ ಇರ್ತಿದ್ರಿ. ಬೂಟು ಹಾಕಿ, ಯಾರದ್ದೋ ಕಾರಿಗೆ ಒರಗಿಕೊಂಡು. ಮಲಗಿದ್ದು ಒಂದೂ ಇರಲಿಲ್ಲ."

ಹೊರಗೆ ಯಾರೋ ಗೇಟು ತೆರೆದು ಮುಚ್ಚಿದರು. ಇಬ್ಬರೂ ಅದನ್ನು ಕೇಳಿಸಿಕೊಂಡರು. ನೋಡಲು ಯಾರೂ ಏಳಲಿಲ್ಲ.

"ಇದನ್ನು ನಿಲ್ಲಿಸಿ," ಎಂದಳು ಅವಳು ಕಡೆಗೆ. "ನನ್ನದು ನನ್ನಲ್ಲೇ ಇರಲಿ."

ತನ್ನ ಮಧ್ಯಾಹ್ನಗಳು ಇನ್ನು ಹೇಗಿರುತ್ತವೆ ಎಂದು ಝಕರಿಯಾರಿಗೆ ಆ ಕ್ಷಣ ಕಂಡಿತು. ಪರದೆ, ದಮ್ಮಾಮು, ಮೊಮ್ಮಗಳು, ಅಷ್ಟೇ. ಆನ್ಸಿ ತೋರಿಸಿದ್ದ ಸ್ವಿಚ್ಚನ್ನು ತಾನೇ ಒತ್ತಬಹುದಿತ್ತು, ಮರೆತುಹೋಯಿತು ಎನ್ನಲೂಬಹುದಿತ್ತು. ಅವರು ಅವಳ ಫೋನಿನಲ್ಲಿ ಆ ಜಾಗದವರೆಗೆ ಹೋಗಿ, ಫೋನನ್ನು ಅವಳ ಕೈಗೆ ಕೊಟ್ಟರು. "ಇದು. ನೀನೇ ಒತ್ತು."

ಅವಳು ಒತ್ತಿದಳು. ಕಂಪ್ಯೂಟರಿನಲ್ಲಿ ಏನೂ ಆಗಲಿಲ್ಲ. ಹೊಳೆ ಹೊಳೆಯಾಗಿಯೇ ಇತ್ತು, ಬೆಕ್ಕು ಮಲಗಿತ್ತು. ಮುಮ್ತಾಝ್ ಹತ್ತಿರ ಬಂದು ಬಗ್ಗಿದಳು. ತಾನು ತೆಗೆದದ್ದನ್ನು ಅಷ್ಟು ದೊಡ್ಡದಾಗಿ ಅವಳು ಮೊದಲ ಸಲ ನೋಡುತ್ತಿದ್ದಳು. "ಈ ಹಡಗಿನ ಮೇಲೆ ಜನ ಇದ್ದಾರೆ ನೋಡಿ," ಎಂದಳು ತನಗೇ ಎಂಬಂತೆ. "ಫೋನಿನಲ್ಲಿ ಕಂಡೇ ಇರಲಿಲ್ಲ."

ಮಂಗಳವಾರ ಊಟವಾದ ಮೇಲೆ ಝಕರಿಯಾ ಕಂಪ್ಯೂಟರ್ ತೆರೆಯಲಿಲ್ಲ. ಈಸಿಚೇರಿನಲ್ಲಿ ಕಣ್ಣು ಮುಚ್ಚಿದರು, ನಿದ್ದೆ ಬರಲಿಲ್ಲ. ಒಳಗೆ ಅವಳು ಬುರ್ಖಾ ತೊಡುವ ಸದ್ದು, ಬೀರು ಮುಚ್ಚುವ ಸದ್ದು, ಆಮೇಲೆ ಬಾಗಿಲವರೆಗೆ ಹೆಜ್ಜೆ. ಅಲ್ಲಿ ನಿಂತಿತು.

"ರಮ್ಲಾ ಇವತ್ತು ಬರುವುದಿಲ್ಲವಂತೆ," ಎಂದಳು ಮುಮ್ತಾಝ್. ಫೋನನ್ನು ಚೀಲಕ್ಕೆ ಹಾಕುತ್ತ, "ನಾನು ಹೋಗ್ತೇನೆ. ಬರುವುದಿದ್ರೆ ಬನ್ನಿ. ನಡೀಲಿಕ್ಕೆ ಉಂಟು, ಆಮೇಲೆ ಕಾಲು ನೋವು ಅನ್ಬಾರದು."

ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ, ಅವರು ಹಿಂದೆ. ಇಳಿದ ಮೇಲೆ ಅವಳು ಮುಂದೆ ನಡೆದಳು, ಅವರು ಹಿಂದೆ. ದಾರಿ ಅವಳಿಗೆ ಗೊತ್ತಿತ್ತು. ಎಲ್ಲಿ ನೆರಳು ಉಂಟೆಂದು, ಯಾವ ನಾಯಿ ಬರೇ ಬೊಗಳುವುದೆಂದು. ಜೆಟ್ಟಿಯಲ್ಲಿ ದೋಣಿಯವನು, "ಎಂತ ಅಕ್ಕ, ತಂಗಿ ಎಲ್ಲಿ?" ಎಂದು ಕೇಳಿ, ಝಕರಿಯಾರನ್ನು ಕಂಡು ತಲೆ ಆಡಿಸಿದ.

ದೋಣಿ ಹೊರಟಿತು. ನೀರಿನ ಮೇಲೆ ಬೆಳಕು ಪುಡಿಪುಡಿಯಾಗಿ ಬಿದ್ದಿತ್ತು, ಆಚೆಯ ದಡ ಇನ್ನೂ ನಿದ್ದೆಯಲ್ಲಿದ್ದ ಹಾಗೆ ಮಸುಕು. ಮುಮ್ತಾಝ್ ಫೋನ್ ತೆಗೆದು ಅವರ ಕಡೆ ಹಿಡಿದಳು. ಝಕರಿಯಾ ಬೆನ್ನು ನೆಟ್ಟಗೆ ಮಾಡಿ, ಅಂಗಿಯ ಗುಂಡಿ ಸರಿಮಾಡಿಕೊಂಡು, ಒಂದು ಕೈಯಿಂದ ಕಂಬಿ ಹಿಡಿದು ನಿಂತರು.

"ನೀವಲ್ಲ," ಎಂದಳು ಅವಳು. "ಸ್ವಲ್ಪ ಆಚೆ. ನೀರು ಕಾಣುವುದಿಲ್ಲ."

ಅವರು ಆಚೆ ಸರಿದರು. ಅವಳು ತೆಗೆದಳೋ ಇಲ್ಲವೋ ನೋಡಲಿಲ್ಲ. ದಡ ಹತ್ತಿರವಾಗುತ್ತಿದ್ದಂತೆ ದೋಣಿಯವನು ಇಂಜಿನ್ ನಿಲ್ಲಿಸಿದ. ಸದ್ದೆಲ್ಲ ಒಮ್ಮೆಲೇ ಇಳಿದುಹೋಗಿ, ದೋಣಿ ತನ್ನಷ್ಟಕ್ಕೇ ಗಾಳಿಮರಗಳ ಕಡೆಗೆ ತೇಲುತ್ತ ಹೋಯಿತು.