ಗೋಲು ಕಾಯುವ ದುರಗಪ್ಪ

ಆ ವರ್ಷ ಕುಷ್ಟಗಿ ಸೀಮೆಯ ಒಂದು ಸಣ್ಣ ಶಾಲೆ ಫುಟ್‌ಬಾಲಿನಲ್ಲಿ ಯಲಬುರ್ಗಾದವರನ್ನೂ ಗಂಗಾವತಿಯವರನ್ನೂ ಸೋಲಿಸಿತ್ತು. ಗೋಲು ಕಾಯುತ್ತಿದ್ದವನು ಸಮಗಾರ ಓಣಿಯ ದುರಗಪ್ಪ. ಅವನನ್ನು ಅಲ್ಲಿ ನಿಲ್ಲಿಸಿದ್ದು ಆಟ ಬಲ್ಲನೆಂದಲ್ಲ. ಚೆಂಡು ತೊಗಲಿನದು. ಕಾಲಿನಿಂದ ಒದೆಯಲು ಯಾರಿಗೂ ಅಡ್ಡಿಯಿರಲಿಲ್ಲ. ಕೈಯಿಂದ ಮುಟ್ಟಿದರೆ ಮಾತ್ರ ಮೈಲಿಗೆಯೆಂದು ಉಳಿದ ಹುಡುಗರನ್ನು ಮನೆಯ ಹೊರಗೇ ನಿಲ್ಲಿಸಿ ತಲೆಯ ಮೇಲೆ ತಣ್ಣೀರು ಸುರುವುತ್ತಿದ್ದರು.

ಕೊನೆಯ ಪಂದ್ಯ ಕೊಪ್ಪಳದಲ್ಲಿ. ಆ ಊರಿನ ಸಾವಕಾರನೊಬ್ಬ ಸಂಜೆಗೆ ಹೋಳಿಗೆಯ ಊಟ ಇಟ್ಟಿದ್ದ. ಆಡಿದವರೆಲ್ಲರಿಗೂ ಒಂದೇ ಪಂಕ್ತಿ. ಇದನ್ನು ಕೇಳಿದ ಗ್ಯಾನಪ್ಪ ಮಾಸ್ತರರು ಬಯಲಿಗೆ ಬರುತ್ತಲೇ ದುರಗಪ್ಪನನ್ನು ಗೆರೆಯ ಹೊರಗೆ ನಿಲ್ಲಿಸಿ, ಮೇಲಿನ ಓಣಿಯ ಸಣ್ಣಪ್ಪನನ್ನು ಗೋಲಿಗೆ ಕಳಿಸಿದರು.

ಎದೆಯೆತ್ತರ ಬಂದ ಚೆಂಡಿಗೂ ಸಣ್ಣಪ್ಪ ಕೈ ಹಿಂದೆ ಕಟ್ಟಿಕೊಂಡು ಕಾಲನ್ನೇ ಎತ್ತಿದ. ಎರಡು ಗೋಲಾದವು.

"ಏ ತಮ್ಮಾ, ಕೈ ಮನ್ಯಾಗ ಬಿಟ್ಟು ಬಂದಿಯೇನು?" ಎಂದು ಕೊಪ್ಪಳದ ಮಂದಿ ಹೊಟ್ಟೆ ಹಿಡಿದು ನಕ್ಕರು.

ದುರಗಪ್ಪನಿಗೆ ನಗು ಬರಲಿಲ್ಲ. ಶಿವ ಕೊಟ್ಟ ಎರಡೂ ಕೈ ಸುಮ್ಮನೆ ಜೋತುಬಿದ್ದಿದ್ದವು.

ಅರ್ಧ ಆಟಕ್ಕೆ ಮಾಸ್ತರರು ಬೆವರೊರೆಸುತ್ತ ಬಂದರು. "ದುರಗ್ಯಾ, ಲಗೂನ ಒಳಗ ನಡಿ."

"ಊಟಕ್ಕರಿ?"

"ಊಟದ ಮಾತು ಈಗ್ಯಾಕಲೇ?"

"ನನ್ನ ಹೊರಗ ಹಾಕಿದ್ದು ಊಟಕ್ಕಲ್ಲೇನ್ರಿ? ಪಂಗ್ತ್ಯಾಗ ಕುಂದರಸ್ತೀನಿ ಅಂತ ಎಲ್ಲಾರ ಮುಂದ ಹೇಳ್ರಿ, ಹೋಗ್ತೀನಿ."

ತಂಡದ ನಾಯಕ ತಿಮ್ಮಣ್ಣ ನಡುವೆ ಬಾಯಿ ಹಾಕಿದ. "ಹೂಂ ಅನ್ರಿ ಮಾಸ್ತರ್ರಿ, ಮಾನ ಹೋಗಾಕ ಹತ್ತೈತಿ."

"ಹೂಂನಪಾ. ಹನುಮಂತದೇವರ ಆಣಿ, ಕುಂದರಸ್ತೀನಿ."

ದೇವರ ಹೆಸರು ಅವರ ಬಾಯಲ್ಲಿ ಅಷ್ಟು ಅಗ್ಗವಾಗಿತ್ತು.

ಆಮೇಲೆ ಒಂದು ಚೆಂಡೂ ದುರಗಪ್ಪನನ್ನು ದಾಟಲಿಲ್ಲ. ತಿಮ್ಮಣ್ಣ ಮೂರು ಗೋಲು ಹೊಡೆದ. ಗೆದ್ದರು.

ಸಾವಕಾರನ ಬಾಗಿಲಿಗೆ ಬಂದಾಗ ಮಾಸ್ತರರು ಸಣ್ಣ ದನಿಯಲ್ಲಿ, "ಜ್ವರ ಬಂದಾವ ಅಂತ ಹೇಳಿ ಕಟ್ಟಿ ಮ್ಯಾಲ ಕುಂದ್ರು. ಎರಡು ಹೋಳಿಗಿ ಹೆಚ್ಚಿಗಿ ಕಳಸ್ತೀನಿ" ಎಂದರು.

"ಆಣಿ ಮಾಡಿದ್ರಲ್ರೀ?"

"ಆಟದಾಗ ಅಂದದ್ದು ಆಟಕ್ಕ ಹೋತು."

ದುರಗಪ್ಪ ತಿಮ್ಮಣ್ಣನ ಮುಖ ನೋಡಿದ. ತಿಮ್ಮಣ್ಣ ಕಾಲು ತೊಳೆಯಲು ತಂಬಿಗೆ ಹುಡುಕತೊಡಗಿದ.

ಸಿಟ್ಟು ನೆತ್ತಿಗೇರಿತು. ದುರಗಪ್ಪ ಹೊಸ್ತಿಲ ಮೇಲೆ ಹತ್ತಿ ನಿಂತು, ಕೈ ಚಾಚಿ ಎರಡೂ ಕಡೆಯ ಚೌಕಟ್ಟು ಹಿಡಿದ.

"ಬರ್ರಿ ಈಗ. ನನ್ನ ಮುಟ್ಟಿ ಒಳಗ ಹೋಗ್ರಿ. ಹೋಗಿ ಹೊಟ್ಟಿ ತುಂಬ ಉಣ್ರಿ!"

ಒಳಗೆ ಹೋಳಿಗೆಯ ಮೇಲಿನ ತುಪ್ಪ ಆರುತ್ತಿತ್ತು. "ಯಾಕ ನಿಂತ್ರಿ? ಬರ್ರಿ, ಬರ್ರಿ!" ಎಂದು ಸಾವಕಾರ ಕೂಗಿದ. ಒಬ್ಬನೂ ಕದಲಲಿಲ್ಲ.

ಮಾಸ್ತರರು ಬೆತ್ತ ಎತ್ತಿದರು. ಬೆತ್ತಕ್ಕೆ ಮೈಲಿಗೆಯಿಲ್ಲವಲ್ಲ! ಮೊದಲ ಏಟು ಬಲಗೈಯ ಗೆಣ್ಣಿಗೆ ಬಿತ್ತು. ಕೈ ಚೌಕಟ್ಟು ಬಿಡಲಿಲ್ಲ.

"ಇನ್ನೊಂದು ಹೊಡೀರಿ," ಎಂದ ದುರಗಪ್ಪ.